ನೀರಾದಲ್ಲಿ ಕಬ್ಬಿಣ ಹುಡುಕಿದ ಕಮಲಾ ಸೊಹೋನಿ

ಮಕ್ಕಳೇ, ನೀವು ಮೂಡಿಗೆರೆ ತಾಲ್ಲೂಕಿನ ದೇವರಮನೆ ಗುಡ್ಡವನ್ನು ಹತ್ತಿದ್ದೀರಾ? ಕಾಲಭೈರವೇಶ್ವರನ ಗುಡಿಗೆ ಕೈಮುಗಿದು, ಹುಲ್ಲು ಹೊದ್ದ ದಿಬ್ಬಗಳ ಮೇಲೆ ಓಡಲು ಹೊರಟರೆ ತರಗತಿಯ ಎಲ್ಲರೂ ಒಂದೇ ವೇಗದಲ್ಲಿ ಹತ್ತುವುದಿಲ್ಲ. ಕೆಲವರು ಮಂಜಿನೊಳಗೆ ಮಾಯವಾಗಿ ಮೇಲಿನಿಂದ ಕೂಗು ಹಾಕುತ್ತಾರೆ. ಒಬ್ಬಿಬ್ಬರು ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತ ಕೂತುಬಿಡುತ್ತಾರೆ. ಕೂತವರನ್ನು ಸೋಮಾರಿಗಳೆಂದು ನಗುವ ಮುಂಚೆ ಅವರ ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಿಗೆ, ಉಗುರುಗಳನ್ನು ನೋಡಿ. ಅವು ಬಿಳಿಚಿಕೊಂಡಿದ್ದರೆ ಅದು ಸೋಮಾರಿತನವಲ್ಲ, ರಕ್ತಹೀನತೆ ಇರಬಹುದು.

ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಹಿಮೋಗ್ಲೋಬಿನ್ ಎಂಬ ಪ್ರೋಟೀನು. ಅದರ ಒಂದೊಂದು ಅಣುವಿನಲ್ಲೂ ಕಬ್ಬಿಣದ ನಾಲ್ಕು ಪರಮಾಣುಗಳಿರುತ್ತವೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದುಕೊಂಡು, ಕಾಲಿನ ಸ್ನಾಯುವಿಗೋ ಮೆದುಳಿಗೋ ಹೋಗಿ ಬಿಟ್ಟುಕೊಡುವುದು ಈ ಕಬ್ಬಿಣದ ಕೆಲಸ. ದೊಡ್ಡವರ ಇಡೀ ಮೈಯಲ್ಲಿರುವ ಕಬ್ಬಿಣವನ್ನೆಲ್ಲ ಒಟ್ಟುಗೂಡಿಸಿದರೂ 3-4 ಗ್ರಾಂ, ಅಂದರೆ ಒಂದು ಸಣ್ಣ ಮೊಳೆಯಷ್ಟು. ಆದರೆ ಅದು ಕಡಿಮೆಯಾದರೆ ಗುಡ್ಡವೂ ಭಾರ, ಪಾಠವೂ ಭಾರ. 12 ವರ್ಷದ ಮಕ್ಕಳಲ್ಲಿ 100 ಮಿ.ಲೀ. ರಕ್ತಕ್ಕೆ ಕನಿಷ್ಠ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅಂದರೆ ನಿಮ್ಮ ಮನೆಯ ಪುಟ್ಟ ತಮ್ಮ ತಂಗಿಯರ ವಯಸ್ಸಿನವರಲ್ಲಿ ಮೂವರಲ್ಲಿ ಇಬ್ಬರು!

ಇದಕ್ಕೆಂದೇ ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡುತ್ತಾರೆ. ಚಿಕ್ಕ ತರಗತಿಯವರಿಗೆ ಗುಲಾಬಿ ಬಣ್ಣದ್ದು, ಹತ್ತು ವರ್ಷ ದಾಟಿದವರಿಗೆ ನೀಲಿ ಬಣ್ಣದ್ದು. ಹೆಚ್ಚಿನವರಿಗೆ ಅದು ಒಗ್ಗುತ್ತದೆ. ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಅಪರೂಪಕ್ಕೆ ಯಾರಿಗೋ ಔಷಧಿ ಕುಡಿದ ಕೂಡಲೇ ಮೈಮೇಲೆ ದದ್ದು ಏಳುತ್ತದೆ. ಮಾತ್ರೆ ಒಗ್ಗದ ಮಗುವಿಗೆ ಏನು ದಾರಿ? ನಮ್ಮ ಸುತ್ತಮುತ್ತ ಬೆಳೆಯುವ ಆಹಾರದಲ್ಲೇ ಕಬ್ಬಿಣ ಎಲ್ಲಿದೆ, ಎಷ್ಟಿದೆ, ಅದು ಮೈಗೆ ಹತ್ತುತ್ತದೆಯೇ? ಇಂಥ ಪ್ರಶ್ನೆಗಳನ್ನು ಬಾಯಿಮಾತಿಗೆ ಬಿಡದೆ ಪ್ರಯೋಗಾಲಯದಲ್ಲಿ ಅಳೆದು ನೋಡಿದವರಲ್ಲಿ ಒಬ್ಬರು ಕಮಲಾ ಸೊಹೋನಿ. ಅವರ ಸಂಶೋಧನೆ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ. ಅದೂ ಸುಲಭವಾಗಿ ಶುರುವಾಗಲಿಲ್ಲ.

ಕಮಲಾ ಹುಟ್ಟಿದ್ದು 1911ರ ಜೂನ್ 18ರಂದು, ಮಧ್ಯಪ್ರದೇಶದ ಇಂದೋರಿನಲ್ಲಿ. ತವರಿನ ಹೆಸರು ಭಾಗವತ್. ತಂದೆ ನಾರಾಯಣರಾವ್, ತಂದೆಯ ಸಹೋದರ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನಿಗಳು. ಇಬ್ಬರೂ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಊರಿನ ಜನ ಅದನ್ನು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಮನೆಯಲ್ಲಿ ವಿಜ್ಞಾನದ ಮಾತು, ಪುಸ್ತಕದ ಮಾತು ಎರಡೂ ಇದ್ದವು. ಮರಾಠಿಯ ಹೆಸರಾಂತ ಲೇಖಕಿ ದುರ್ಗಾ ಭಾಗವತ್ ಇವರ ಸ್ವಂತ ಅಕ್ಕ.

1933ರಲ್ಲಿ ಕಮಲಾ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಮೊದಲನೆಯವರಾಗಿ ತೇರ್ಗಡೆಯಾದರು. ತಂದೆ ಓದಿದ ಸಂಸ್ಥೆಯಲ್ಲೇ ಸಂಶೋಧನೆ ಮಾಡಬೇಕೆಂಬ ಆಸೆಯಿಂದ ಬೆಂಗಳೂರಿಗೆ ಅರ್ಜಿ ಹಾಕಿದರು. ಇಷ್ಟು ಅಂಕ ಬಂದವರಿಗೆ ಜಾಗ ಸಿಗದೇ ಇರುತ್ತದೆಯೇ ಎಂದು ನೀವು ಕೇಳಬಹುದು. ಸಿಗಲಿಲ್ಲ! ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಮೂರು ವರ್ಷದ ಹಿಂದೆಯಷ್ಟೇ ನೊಬೆಲ್ ಪಾರಿತೋಷಕ ಪಡೆದಿದ್ದವರು. ಬೆಳಕಿನ ವಿಷಯದಲ್ಲಿ ಅಷ್ಟು ದೂರ ಕಂಡ ಅವರಿಗೆ, ಹೆಣ್ಣುಮಕ್ಕಳೂ ಸಂಶೋಧನೆ ಮಾಡಬಲ್ಲರು ಎಂಬುದು ಮಾತ್ರ ಕಾಣಲಿಲ್ಲ. ಹೆಣ್ಣೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು.

ಆ ಕಾಲದಲ್ಲಿ ಇಂಥ ಉತ್ತರ ಬಂದರೆ ಹುಡುಗಿಯರು ಸುಮ್ಮನಾಗುತ್ತಿದ್ದರು, ಇಲ್ಲವೇ ಮನೆಯವರು ಸುಮ್ಮನಾಗಿಸುತ್ತಿದ್ದರು. ಕಮಲಾ ನೇರವಾಗಿ ಬೆಂಗಳೂರಿಗೇ ಬಂದರು. ತನ್ನನ್ನು ಸೇರಿಸಿಕೊಳ್ಳದಿರಲು ಕಾರಣ ಏನೆಂದು ರಾಮನ್ ಅವರನ್ನೇ ಕೇಳಿದರು. ದೇಶದಲ್ಲಿ ಗಾಂಧೀಜಿಯ ಸತ್ಯಾಗ್ರಹಗಳು ನಡೆಯುತ್ತಿದ್ದ ಕಾಲ ಅದು. ಈ ಹುಡುಗಿಯೂ ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹ ಹೂಡಿದರು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿದರು. ಮೊದಲ ಒಂದು ವರ್ಷ ಆಕೆ ಪೂರ್ಣ ವಿದ್ಯಾರ್ಥಿನಿಯಲ್ಲ, ಪರೀಕ್ಷೆಯ ಮೇಲೆ ಇರುವವರು. ಮಾರ್ಗದರ್ಶಕರು ಹೇಳಿದರೆ ರಾತ್ರಿ ತಡವಾಗಿಯೂ ಕೆಲಸ ಮಾಡಬೇಕು. ಗಂಡಸರಾದ ಸಂಶೋಧಕರ ಗಮನ ಕೆಡಿಸಬಾರದು. ಮೂರನೆಯ ಷರತ್ತನ್ನು ಓದಿ ನಿಮಗೆ ಸಿಟ್ಟು ಬಂದರೆ ತಪ್ಪಿಲ್ಲ. ಕಮಲಾ ಅವರಿಗೂ ನೋವಾಗಿತ್ತು. ಆ ಅವಮಾನವನ್ನು ಇಳಿವಯಸ್ಸಿನಲ್ಲೂ ವಿಜ್ಞಾನಿಗಳ ಸಭೆಯೊಂದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಆದರೆ ಅಂದು ಷರತ್ತುಗಳನ್ನು ಒಪ್ಪಿ ಒಳಗೆ ಹೋದರು. ಒಳಗೆ ಹೋಗದೆ ಕೆಲಸ ತೋರಿಸುವುದು ಹೇಗೆ?

ಅವರಿಗೆ ಮಾರ್ಗದರ್ಶಕರಾಗಿ ಸಿಕ್ಕವರು ಎಂ. ಶ್ರೀನಿವಾಸಯ್ಯ. ಬಹಳ ಶಿಸ್ತಿನ ಗುರು, ಕಲಿಯುವವರಿಗೆ ಮನಸ್ಸಿಟ್ಟು ಕಲಿಸುವವರು. ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನುಗಳನ್ನು ಬೇರ್ಪಡಿಸಿ ಅಧ್ಯಯನ ಮಾಡುವ ಕೆಲಸವನ್ನು ಕಮಲಾ ಕೈಗೆತ್ತಿಕೊಂಡರು. ನಮ್ಮ ದೇಶದ ಬಡ ಮಕ್ಕಳ ತಟ್ಟೆಯಲ್ಲಿ ಇರುವುದೇ ಇವು. ಒಂದು ವರ್ಷ ಕಳೆಯುವಷ್ಟರಲ್ಲಿ ಅವರ ಕೆಲಸ ರಾಮನ್ ಅವರಿಗೆ ಮೆಚ್ಚುಗೆಯಾಯಿತು. ಷರತ್ತು ಹೋಯಿತು. ಇನ್ನೂ ದೊಡ್ಡ ವಿಷಯವೆಂದರೆ, ಅದರ ನಂತರ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. 1936ರಲ್ಲಿ ಕಮಲಾ ಎಂ.ಎಸ್‌ಸಿ. ಪದವಿ ಪಡೆದರು.

ಮರುವರ್ಷ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ಜೀವರಸಾಯನ ವಿಭಾಗದ ಮುಖ್ಯಸ್ಥರು ಫ್ರೆಡರಿಕ್ ಹಾಪ್‌ಕಿನ್ಸ್. ಆಹಾರದಲ್ಲಿ ಅತಿ ಸ್ವಲ್ಪವೇ ಇದ್ದರೂ ಬೆಳವಣಿಗೆಗೆ ಬೇಕೇ ಬೇಕಾದ ವಸ್ತುಗಳಿವೆ ಎಂದು ತೋರಿಸಿ ನೊಬೆಲ್ ಪಡೆದವರು. ಆ ವಸ್ತುಗಳನ್ನೇ ನಾವು ಇಂದು ವಿಟಮಿನ್ ಎನ್ನುತ್ತೇವೆ. ಅಲ್ಲಿ ಕಮಲಾ ಮೊದಲು ಡೆರಿಕ್ ರಿಕ್ಟರ್ ಜೊತೆ, ನಂತರ ಸಸ್ಯಗಳ ಅಧ್ಯಯನದಲ್ಲಿ ಹೆಸರಾದ ರಾಬಿನ್ ಹಿಲ್ ಜೊತೆ ಕೆಲಸ ಮಾಡಿದರು. ಅವರ ಕೈಗೆ ಬಂದ ವಸ್ತು ಏನು ಗೊತ್ತೇ? ಆಲೂಗಡ್ಡೆ!

ಆಲೂಗಡ್ಡೆಯೂ ಉಸಿರಾಡುತ್ತದೆ. ಮೂಗಿಲ್ಲ, ಶ್ವಾಸಕೋಶವಿಲ್ಲ, ನಿಜ. ಆದರೆ ಅದರ ಪ್ರತಿಯೊಂದು ಜೀವಕೋಶವೂ ಆಮ್ಲಜನಕವನ್ನು ಬಳಸಿ ಆಹಾರದಿಂದ ಶಕ್ತಿಯನ್ನು ಬಿಡಿಸಿಕೊಳ್ಳುತ್ತದೆ. ಈ ಕೆಲಸದಲ್ಲಿ ಎಲೆಕ್ಟ್ರಾನುಗಳನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ಬಕೆಟ್ ದಾಟಿಸಿದಂತೆ ದಾಟಿಸುವ ಒಂದು ಪ್ರೋಟೀನು ಇದೆ. ಅದರ ಹೆಸರು ಸೈಟೋಕ್ರೋಮ್ ಸಿ. ಇದು ಪ್ರಾಣಿಗಳಲ್ಲಿರುವುದು ತಿಳಿದಿತ್ತು. ಸಸ್ಯದ ಜೀವಕೋಶಗಳಲ್ಲೂ ಇದೆ, ಅಲ್ಲೂ ಇದೇ ಕೆಲಸ ಮಾಡುತ್ತದೆ ಎಂದು ಕಮಲಾ ತೋರಿಸಿದರು. ಸೈಟೋಕ್ರೋಮಿನ ನಡುವೆ ಕೂತಿರುವುದು ಕಬ್ಬಿಣದ ಒಂದು ಪರಮಾಣು. ಅಂದರೆ ದೇವರಮನೆಯ ಗುಡ್ಡ ಹತ್ತುವ ಹುಡುಗಿಗೂ ಅಡುಗೆಮನೆಯ ಮೂಲೆಯ ಆಲೂಗಡ್ಡೆಗೂ ಬದುಕಲು ಕಬ್ಬಿಣ ಬೇಕು. ರಕ್ತಹೀನತೆ ಇರುವವರಿಗೆ ಬರಿ ಮುಖ ಬಿಳಿಚುವುದಲ್ಲ, ಮೈಯೆಲ್ಲ ಸುಸ್ತಾಗುವುದಕ್ಕೆ ಇದೂ ಒಂದು ಕಾರಣ: ಕಬ್ಬಿಣ ರಕ್ತದಲ್ಲಷ್ಟೇ ಅಲ್ಲ, ಪ್ರತಿ ಜೀವಕೋಶದ ಒಲೆಯಲ್ಲೂ ಬೇಕು.

ಈ ಸಂಶೋಧನೆಯ ಪ್ರಬಂಧ ಬರೇ ನಲವತ್ತು ಪುಟ. ಕೇಂಬ್ರಿಜ್‌ಗೆ ಹೋದ ಹದಿನಾಲ್ಕು ತಿಂಗಳಲ್ಲೇ ಅದು ಮುಗಿದಿತ್ತು. 1939ರಲ್ಲಿ ಪಿಎಚ್.ಡಿ. ಪದವಿ ಬಂದಿತು. ವಿಜ್ಞಾನದಲ್ಲಿ ಈ ಪದವಿ ಪಡೆದ ಮೊದಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ಕಮಲಾ ಸೇರಿದರು. ವಿದೇಶದಲ್ಲೇ ಉಳಿಯದೆ ಅದೇ ವರ್ಷ ದೇಶಕ್ಕೆ ಮರಳಿದರು.

ಮೊದಲು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ಅನಂತರ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕಿಯಾಗಿ ವಿಟಮಿನ್‌ಗಳ ಅಧ್ಯಯನ ನಡೆಸಿದರು. 1947ರಲ್ಲಿ ಎಂ.ವಿ. ಸೊಹೋನಿ ಎಂಬುವರನ್ನು ಮದುವೆಯಾಗಿ ಮುಂಬಯಿಗೆ ಬಂದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಹೊಸದಾಗಿ ಜೀವರಸಾಯನ ವಿಭಾಗ ತೆರೆದಾಗ ಪ್ರಾಧ್ಯಾಪಕಿಯಾದರು.

ಮುಂಬಯಿಯಲ್ಲಿ ಅವರು ಶಿಷ್ಯರೊಂದಿಗೆ ಮತ್ತೆ ಕಾಳುಗಳ ಕಡೆ ತಿರುಗಿದರು. ಅವರೆಯಂಥ ಕಾಳುಗಳಲ್ಲಿ ಒಳ್ಳೆಯ ಪ್ರೋಟೀನು ಇದೆ. ಜೊತೆಗೆ ಆ ಪ್ರೋಟೀನು ಜೀರ್ಣವಾಗದಂತೆ ತಡೆಯುವ ವಸ್ತುವೂ ಇದೆ. ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಕಾಳನ್ನು ಚೆನ್ನಾಗಿ ಬೇಯಿಸಿದರೆ ಈ ತಡೆಯ ಶಕ್ತಿ ಹೋಗುತ್ತದೆ. ಅಜ್ಜಿ ಹುರುಳಿಕಾಳನ್ನು ರಾತ್ರಿಯೆಲ್ಲ ನೆನೆಹಾಕಿ, ಮೊಳಕೆ ಬರಿಸಿ ಬೇಯಿಸುವುದರಲ್ಲಿ ಇನ್ನೊಂದು ಲಾಭವಿದೆ: ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ವಸ್ತುವೂ ಮೊಳಕೆ ಬಂದಾಗ ಕಡಿಮೆಯಾಗುತ್ತದೆ.

ಇನ್ನು ನೀರಾದ ಕಥೆ. ಈಚಲು, ತಾಳೆ, ತೆಂಗು ಮುಂತಾದ ಮರಗಳ ಹೂಗೊಂಚಲನ್ನೋ ಕಾಂಡದ ತುದಿಯನ್ನೋ ಕೊಯ್ದಾಗ ಒಸರುವ ಸಿಹಿ ರಸವೇ ನೀರಾ. ನಿಮ್ಮ ಊರಿನ ಕಾಫಿ ತೋಟದ ಅಂಚಿನಲ್ಲಿ ನಿಂತಿರುವ ಬಗನಿ ಮರವೂ ಇದೇ ಜಾತಿಯದು. ಕೆಲವರು ಬೈನೆ ಎನ್ನುತ್ತಾರೆ. ಆನೆಗೂ ಇದೆಂದರೆ ಪ್ರೀತಿ. ರಸವನ್ನು ಹಾಗೇ ಬಿಟ್ಟರೆ ಗಾಳಿಯಲ್ಲಿರುವ ಯೀಸ್ಟ್‌ಗಳು ಅದರಲ್ಲಿ ಬೆಳೆದು ಸಕ್ಕರೆಯನ್ನು ಮದ್ಯಸಾರ ಮಾಡುತ್ತವೆ. ಆಗ ಅದು ನೀರಾ ಅಲ್ಲ, ಕಳ್ಳು. ಹುಳಿಯದಂತೆ ಮಡಕೆಗೆ ಸುಣ್ಣ ಬಳಿದು ಬೆಳಗಿನ ಜಾವವೇ ಇಳಿಸಬೇಕು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬಯಿ ರಾಜ್ಯದಲ್ಲಿ ಪಾನನಿಷೇಧದ ಕಾನೂನು ಬಂದಿತ್ತು. ಕಳ್ಳು ಇಳಿಸಿ ಬದುಕುತ್ತಿದ್ದವರಿಗೆ ಬೇರೆ ಕಸುಬು ಬೇಕಿತ್ತು. ನೀರಾ ಮತ್ತು ಅದನ್ನು ಕಾಯಿಸಿ ಮಾಡುವ ತಾಳೆಬೆಲ್ಲ ಒಂದು ದಾರಿಯಾಗಿ ಕಾಣುತ್ತಿತ್ತು. ಆದರೆ ಅದು ಮೈಗೆ ಒಳ್ಳೆಯದೇ? ಇದನ್ನು ಅಧ್ಯಯನ ಮಾಡುವಂತೆ ಕಮಲಾ ಅವರಿಗೆ ಸೂಚಿಸಿದವರು ಆಗಿನ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್.

ಕಮಲಾ ಮತ್ತು ಶಿಷ್ಯರು ವರ್ಷಗಟ್ಟಲೆ ಈ ರಸದ ಹಿಂದೆ ಬಿದ್ದರು. ನೀರಾದಲ್ಲಿ ವಿಟಮಿನ್ ಎ, ವಿಟಮಿನ್ ಸಿ ಮತ್ತು ಕಬ್ಬಿಣ ಗಮನಾರ್ಹ ಪ್ರಮಾಣದಲ್ಲಿವೆ ಎಂದು ಕಂಡುಕೊಂಡರು. ನೀರಾವನ್ನು ಕಾಯಿಸಿ ಬೆಲ್ಲ ಮಾಡಿದಾಗಲೂ ಈ ಅಂಶಗಳು ಪೂರ್ತಿ ನಾಶವಾಗದೆ ಉಳಿಯುತ್ತವೆ ಎಂದೂ ತೋರಿಸಿದರು. ಆದರೆ ಬಾಟಲಿಯಲ್ಲಿ ಅಳೆದದ್ದು ಮಗುವಿನ ಮೈಯಲ್ಲಿ ಕೆಲಸ ಮಾಡುತ್ತದೆಂದು ಹೇಳುವುದು ಹೇಗೆ? ಆದ್ದರಿಂದ ಅಪೌಷ್ಟಿಕತೆಯಿಂದ ನರಳುತ್ತಿದ್ದ ಬುಡಕಟ್ಟು ಸಮುದಾಯದ ಹದಿಹರೆಯದ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಆಹಾರದ ಜೊತೆ ನೀರಾ ಕೊಟ್ಟು ನೋಡಲಾಯಿತು. ಅವರ ಆರೋಗ್ಯ ಚೆನ್ನಾಗಿಯೇ ಸುಧಾರಿಸಿತು. ಈ ಕೆಲಸಕ್ಕೆ ಕಮಲಾ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ದೊರೆಯಿತು. ಔಷಧಿ ಅಂಗಡಿ ಇಲ್ಲದ ಕಾಡಿನಂಚಿನ ಊರಿನಲ್ಲಿ ಮರವೇ ಸ್ವಲ್ಪ ಮಟ್ಟಿಗೆ ಔಷಧಿ ಅಂಗಡಿಯಾಗಬಹುದು ಎಂಬುದು ಸಣ್ಣ ಸಂಗತಿಯಲ್ಲ. ಕಬ್ಬಿಣದ ಜೊತೆ ವಿಟಮಿನ್ ಸಿ ಇರುವುದು ಇಲ್ಲಿ ಮುಖ್ಯ. ಸಸ್ಯದಿಂದ ಬರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ವಿಟಮಿನ್ ಸಿ ಜೊತೆಗಿದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಹರಿವೆ, ನುಗ್ಗೆ ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡುವುದು, ಊಟವಾದ ಮೇಲೆ ಸೀಬೆಯನ್ನೋ ನೆಲ್ಲಿಕಾಯನ್ನೋ ತೋಟದ ಕಿತ್ತಳೆಯನ್ನೋ ತಿನ್ನುವುದು ಇದಕ್ಕೇ ಒಳ್ಳೆಯದು.

ಹಾಗಾದರೆ ಮಾತ್ರೆ ಬಿಟ್ಟು ಬೆಲ್ಲ ತಿಂದರೆ ಸಾಕೇ? ಸಾಲದು. ಬೆಲ್ಲ ತಿಂದರೆ ರಕ್ತ ಬರುತ್ತದೆ ಎಂಬ ಮಾತು ಅರ್ಧ ನಿಜ ಮಾತ್ರ. ನಿಮ್ಮ ನೀಲಿ ಮಾತ್ರೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಅಷ್ಟನ್ನು ಬೆಲ್ಲದಿಂದ ಪಡೆಯಲು ಹೊರಟರೆ ಹಲ್ಲು ಹಾಳಾಗುತ್ತದೆಯೇ ಹೊರತು ರಕ್ತ ತುಂಬುವುದಿಲ್ಲ. ಕೊರತೆ ಆಗಲೇ ಆಗಿದ್ದರೆ ಔಷಧಿ ಬೇಕು. ಮತ್ತೆ ಕೊರತೆ ಬಾರದಂತೆ ಕಾಯುವುದು ಆಹಾರ. ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದಾಗ ಅಂಗಾಲಿನಿಂದ ಒಳಸೇರುವ ಕೊಕ್ಕೆಹುಳ ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತಿದ್ದರೆ ಎಷ್ಟು ತಿಂದರೂ ಅಷ್ಟೇ. ಅದಕ್ಕೆ ಚಪ್ಪಲಿ ಬೇಕು, ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆ ಬೇಕು.

ಕಾಫಿ ಸೀಮೆಯ ಮಕ್ಕಳಾದ ನಿಮಗೆ ಇನ್ನೊಂದು ವಿಷಯ ಹೇಳಲೇಬೇಕು. ಊಟದ ಜೊತೆ ಒಂದು ಲೋಟ ಕಾಫಿ ಕುಡಿದರೆ ಆ ಊಟದ ಕಬ್ಬಿಣದ ಹೀರಿಕೆ ಸುಮಾರು ನೂರಕ್ಕೆ 39ರಷ್ಟು ಇಳಿಯುತ್ತದೆಂದು 1983ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಊಟವಾಗಿ ಒಂದು ಗಂಟೆಯ ನಂತರ ಕುಡಿದರೂ ಅಷ್ಟೇ ಇಳಿಯಿತು. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದಾಗ ಮಾತ್ರ ಏನೂ ಆಗಲಿಲ್ಲ. ಟೀ ಇನ್ನೂ ಹೆಚ್ಚು ತಡೆಯುತ್ತದೆ. ಇದನ್ನು ಕಣ್ಣಾರೆ ನೋಡಬೇಕೇ? ತುಕ್ಕು ಹಿಡಿದ ಎರಡು ಮೊಳೆಗಳನ್ನು ನಿಂಬೆರಸದಲ್ಲಿ ಎರಡು ಮೂರು ದಿನ ನೆನೆಸಿಡಿ. ಆ ರಸದ ಕೆಲವು ಹನಿಗಳನ್ನು, ನೀರು ಬೆರೆಸಿ ತಿಳಿಯಾಗಿಸಿದ ಟೀ ಡಿಕಾಕ್ಷನ್‌ಗೆ ಹಾಕಿ. ಬಣ್ಣ ಕಪ್ಪಗಾಗುತ್ತದೆ. ಟೀಯಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡದ್ದೇ ಈ ಕಪ್ಪು. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಬರೆಯುವ ಶಾಯಿ ಮಾಡುತ್ತಿದ್ದುದು ಇದೇ ತತ್ವದಿಂದ. ಅನ್ನಭೇದಿ ಎಂದರೆ ಫೆರಸ್ ಸಲ್ಫೇಟ್. ಶಾಲೆಯ ಕಬ್ಬಿಣದ ಮಾತ್ರೆಯಲ್ಲಿರುವುದೂ ಅದೇ. ಪ್ರಯೋಗದ ದ್ರವವನ್ನು ಮಾತ್ರ ಬಾಯಿಗೆ ಹಾಕಬೇಡಿ.

ಮಾತ್ರೆ ಒಗ್ಗದವರ ವಿಷಯಕ್ಕೆ ಬರೋಣ. ಕಬ್ಬಿಣದ ಮಾತ್ರೆ ತಿಂದ ಮರುದಿನ ಮಲ ಕಪ್ಪಗಾಗುವುದು, ಹೊಟ್ಟೆ ತೊಳಸುವುದು ಅಲರ್ಜಿಯಲ್ಲ. ಊಟವಾದ ಮೇಲೆ ತಿಂದರೆ ತೊಳಸು ಕಡಿಮೆ. ಮೈಮೇಲೆ ದದ್ದು, ತುಟಿ ಅಥವಾ ಕಣ್ಣಿನ ಸುತ್ತ ಊತ, ಉಸಿರಿನ ಕಷ್ಟ ಬಂದರೆ ಅದು ಅಲರ್ಜಿ ಇರಬಹುದು. ಕೂಡಲೇ ಶಿಕ್ಷಕರಿಗೆ ತಿಳಿಸಿ, ಆಸ್ಪತ್ರೆಗೆ ಹೋಗಲೇಬೇಕು. ಅಲರ್ಜಿ ಎಂಬ ಪದವನ್ನು 1906ರಲ್ಲಿ ಹುಟ್ಟುಹಾಕಿದವರೂ ಒಬ್ಬ ಮಕ್ಕಳ ವೈದ್ಯರೇ, ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ. ಬಾಯಿಯಿಂದ ತೆಗೆದುಕೊಳ್ಳುವ ಕಬ್ಬಿಣಕ್ಕೇ ಅಲರ್ಜಿ ಇರುವುದು ಬಲು ಅಪರೂಪ. ಎಷ್ಟೋ ಸಲ ಕಾರಣ ಸಿರಪ್ಪಿಗೆ ಬೆರೆಸಿದ ಬಣ್ಣವೋ ವಾಸನೆಯ ವಸ್ತುವೋ ಆಗಿರುತ್ತದೆ. ವೈದ್ಯರು ರಕ್ತ ಪರೀಕ್ಷಿಸಿ, ಕೊರತೆ ಕಬ್ಬಿಣದ್ದೇ ಎಂದು ಖಚಿತಪಡಿಸಿಕೊಂಡು, ಬೇರೆ ಬಗೆಯ ಕಬ್ಬಿಣದ ಔಷಧಿ ಕೊಟ್ಟು ನೋಡುತ್ತಾರೆ. ಅದೂ ಆಗದಿದ್ದರೆ ಆಸ್ಪತ್ರೆಯಲ್ಲೇ, ತಮ್ಮ ಕಣ್ಣೆದುರೇ, ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ ಮೆಲ್ಲಮೆಲ್ಲನೆ ಹೆಚ್ಚಿಸಿ ಮೈಗೆ ರೂಢಿ ಮಾಡಿಸುವುದೂ ಉಂಟು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಇಂಥ ಮಗುವಿಗೆ ಚಿಕಿತ್ಸೆಯ ಜೊತೆ ಮೊಳಕೆಕಾಳು, ಸೊಪ್ಪು, ಮೀನು, ಮಾಂಸ, ಈಲಿಯಂಥ ಆಹಾರ ಬೇರೆಯವರಿಗಿಂತ ಹೆಚ್ಚು ಬೇಕು. ಮಾತ್ರೆ ಆಗುವುದಿಲ್ಲವೆಂದು ಹೇಳಲು ನಾಚಿ, ಕಿಟಕಿಯಾಚೆ ಎಸೆದು ಸುಮ್ಮನಿರುವವರೇ ಕಷ್ಟಕ್ಕೆ ಬೀಳುತ್ತಾರೆ. ಹಾಗೆಯೇ ಸಿಹಿ ಲೇಪವಿದೆಯೆಂದು ಮಾತ್ರೆಗಳನ್ನು ಕೂಡಿಟ್ಟು ಪುಟ್ಟ ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ಒಟ್ಟಿಗೆ ಹಲವನ್ನು ನುಂಗಿದರೆ ಕಬ್ಬಿಣ ವಿಷವಾಗುತ್ತದೆ.

ಕಮಲಾ ಅವರ ಕಥೆ ಇನ್ನೂ ಸ್ವಲ್ಪ ಉಳಿದಿದೆ. ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕಿಯ ಹುದ್ದೆ ಅವರಿಗೆ ಬಂತು, ಆದರೆ ಬರಬೇಕಾದುದಕ್ಕಿಂತ ನಾಲ್ಕು ವರ್ಷ ತಡವಾಗಿ. ಅಲ್ಲಿಯೂ ಅಡ್ಡ ನಿಂತದ್ದು ಹೆಣ್ಣೆಂಬ ಹಳೆಯ ಕಾರಣವೇ. ಪ್ರಯೋಗಾಲಯದ ಹೊರಗೂ ಅವರು ಸುಮ್ಮನೆ ಕೂರಲಿಲ್ಲ. ಕಲಬೆರಕೆ, ತೂಕದ ಮೋಸಗಳ ವಿರುದ್ಧ ಜನರನ್ನು ಎಚ್ಚರಿಸಲು 1966ರಲ್ಲಿ ಮುಂಬಯಿಯಲ್ಲಿ ಮಹಿಳೆಯರೇ ಸೇರಿ ಗ್ರಾಹಕರ ಸಂಘವೊಂದನ್ನು ಕಟ್ಟಿದರು. ಕಮಲಾ ಅದರಲ್ಲಿ ದುಡಿದರು, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಕೀಮತ್ ಎಂಬ ಅದರ ಪತ್ರಿಕೆಯಲ್ಲಿ ಗೃಹಿಣಿಯರಿಗೆ ತಿಳಿಯುವಂತೆ ಬರೆದರು.

1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ದೆಹಲಿಯಲ್ಲಿ ಅವರಿಗೊಂದು ಸನ್ಮಾನ ಸಮಾರಂಭ ಏರ್ಪಡಿಸಿತು. ಆ ಪರಿಷತ್ತಿನ ಮುಖ್ಯಸ್ಥರ ಸ್ಥಾನಕ್ಕೇರಿದ ಮೊದಲ ಮಹಿಳೆ ಡಾ. ಜಿ.ವಿ. ಸತ್ಯವತಿ. ಅರವತ್ತೈದು ವರ್ಷಗಳ ಹಿಂದೆ ಬೆಂಗಳೂರಿನ ಕಚೇರಿಯೊಂದರ ಮುಂದೆ ಹಟ ಹಿಡಿದು ಕೂತಿದ್ದ ಹುಡುಗಿ ಈಗ ಇಳಿವಯಸ್ಸಿನ ಅಜ್ಜಿ. ಆ ಸಮಾರಂಭದ ನಡುವೆಯೇ ಅವರು ಕುಸಿದುಬಿದ್ದರು. ಕೆಲವೇ ಸಮಯದಲ್ಲಿ ತೀರಿಕೊಂಡರು.